ಪೋಸ್ಟ್ ಓದಿದರೆ ಸಾಲದು, ಹಾಕಿದ್ದು ಯಾರು? ಸೋಶಿಯಲ್ ಮೀಡಿಯಾ ಡೇಟಾಗೆ ‘ಬರೆದವರ ವಿವರ’ ಸೇರಿಸೋದು ಅಂದ್ರೆ ಇಷ್ಟೇ

“ಆ ಅಂಗಡೀಲಿ ಹಳೇ ಸ್ಟಾಕ್ ಕೊಡ್ತಾರೆ, ಯಾರೂ ಹೋಗ್ಬೇಡಿ.”

ಇಂಥದ್ದೊಂದು ಸಾಲು ನಿಮ್ಮ ಅಂಗಡಿ ಬಗ್ಗೆ ಫೇಸ್‌ಬುಕ್‌ನಲ್ಲಿ ಬಿತ್ತು ಅಂತ ಇಟ್ಕೊಳ್ಳಿ. ಗಲ್ಲಾ ಮುಂದೆ ಕೂತ ನಿಮ್ಮ ಬಾಯಿಂದ ಮೊದಲು ಬರೋ ಮಾತು “ಯಾರು ಹಾಕಿದ್ದು?” ಅಂತಲೇ. ವಾರಾವಾರ ಸಾಮಾನು ಒಯ್ಯೋ ಗಿರಾಕಿ ಬರೆದಿದ್ದರೆ ಗೋಡೌನ್‌ಗೆ ಹೋಗಿ ಸ್ಟಾಕ್ ನೋಡ್ತೀರಿ. ಎದುರು ಅಂಗಡಿಯವರ ಕಡೆ ಹುಡುಗ ಬರೆದಿದ್ದರೆ ಅದು ಬೇರೆ ಲೆಕ್ಕ. ನಮ್ಮೂರನ್ನೇ ನೋಡದ, ಮೊನ್ನೆ ಮೊನ್ನೆ ಹುಟ್ಟಿದ ಅಕೌಂಟ್ ಬರೆದಿದ್ದರೆ ಕಥೆಯೇ ಬೇರೆ. ಸಾಲು ಒಂದೇ, ಒಂದಕ್ಷರ ಬದಲಾಗಿಲ್ಲ. ಬರೆದವರು ಯಾರು ಅಂತ ಗೊತ್ತಾದ ತಕ್ಷಣ ಅದರ ತೂಕ ಬದಲಾಗುತ್ತೆ.

ದೊಡ್ಡ ದೊಡ್ಡ ಕಂಪನಿಗಳು, ಚುನಾವಣೆ ಕೆಲಸ ಹಿಡಿಯೋ ಏಜೆನ್ಸಿಗಳು, ಯೂನಿವರ್ಸಿಟಿ ಸಂಶೋಧಕರು ಇದೇ ಪ್ರಶ್ನೆಯನ್ನ ಲಕ್ಷಾಂತರ ಪೋಸ್ಟ್‌ಗಳ ಮೇಲೆ ಒಟ್ಟಿಗೇ ಕೇಳ್ತಾರೆ. ಪೋಸ್ಟ್‌ಗಳ ಒಂದು ರಾಶಿ ಇರುತ್ತೆ. ಪ್ರತಿ ಪೋಸ್ಟ್ ಪಕ್ಕ ಅದನ್ನ ಹಾಕಿದವರ ಹೆಸರು, ಅಕೌಂಟ್ ತೆರೆದ ದಿನ, ಫಾಲೋವರ್ಸ್ ಎಷ್ಟು, ಯಾವ ಊರು ಅಂತ ಬರ್ಕೊಂಡಿದ್ದಾರೆ, ಇದೆಲ್ಲ ಸೇರಿಸ್ತಾರೆ. ಕಂಪ್ಯೂಟರ್ ಭಾಷೆಯಲ್ಲಿ ಇದಕ್ಕೆ ಡೇಟಾ ಎನ್‌ರಿಚ್‌ಮೆಂಟ್ ಅಂತಾರೆ. ಕೇಳೋಕೆ ಭಾರಿ ಹೆಸರು. ಆದರೆ ನಮ್ಮ ಪೇಟೆಯ ಹಳೇ ಗುಮಾಸ್ತರಿಗೆ ಇದು ಹೊಸದೇನಲ್ಲ.

ಕಿರ್ದಿ ಮತ್ತು ಖಾತೆ

ಕಿರ್ದಿ ಪುಸ್ತಕದಲ್ಲಿ ಏನಿರುತ್ತೆ? ದಿನದ ವ್ಯವಹಾರ, ಒಂದರ ಕೆಳಗೊಂದು. ಇಂಥ ತಾರೀಕು, ಎರಡು ಮೂಟೆ ಅಕ್ಕಿ, ಇಷ್ಟು ದುಡ್ಡು, ಪಕ್ಕದಲ್ಲಿ ಖಾತೆ ಪುಟದ ನಂಬರ್. ಗಿರಾಕಿಯ ಪೂರ್ತಿ ವಿವರ ಅಲ್ಲಿ ಬರೆಯಲ್ಲ. ಊರು ಯಾವುದು, ಹಿಂದಿನ ಬಾಕಿ ಎಷ್ಟು, ಯಾರ ಜಾಮೀನು, ಇದೆಲ್ಲ ಖಾತೆ ಪುಸ್ತಕದ ಆ ಪುಟದಲ್ಲಿ ಒಂದೇ ಸಲ ಇರುತ್ತೆ. ಕಿರ್ದಿಯಲ್ಲಿ ಒಬ್ಬನ ಹೆಸರಲ್ಲಿ ನೂರು ಸಾಲಿದ್ದರೂ ಖಾತೆ ಪುಟ ಒಂದೇ.

ಟ್ವಿಟರ್, ಅಂದರೆ ಈಗಿನ ಎಕ್ಸ್, ಡೇಟಾ ಕೊಡೋದೂ ಹೀಗೇ. ಪೋಸ್ಟ್ ಕೇಳಿದರೆ ಬರೋದು ಪೋಸ್ಟ್‌ನ ನಂಬರ್ ಮತ್ತು ಬರಹ. ಕೇಳಿಕೊಂಡರೆ ಬರೆದವರ ನಂಬರ್, ಅಂದರೆ ಆಥರ್ ಐಡಿ, ಕೊಡ್ತಾರೆ. ಹೆಸರು, ಫಾಲೋವರ್ಸ್, ಅಕೌಂಟ್ ಹುಟ್ಟಿದ ದಿನ ಬೇಕು ಅಂದರೆ “ಬರೆದವರ ಪುಟವನ್ನೂ ಬಿಚ್ಚಿಕೊಡಿ” ಅಂತ ಬೇರೆಯಾಗಿ ಕೇಳಬೇಕು. ಆಗ ಎರಡು ಪಟ್ಟಿ ಬರುತ್ತೆ, ಒಂದು ಪೋಸ್ಟ್‌ಗಳದ್ದು, ಇನ್ನೊಂದು ಜನರದ್ದು. ಒಬ್ಬರು ಐವತ್ತು ಪೋಸ್ಟ್ ಹಾಕಿದ್ದರೂ ಜನರ ಪಟ್ಟಿಯಲ್ಲಿ ಅವರು ಒಂದೇ ಸಲ. ಎರಡನ್ನೂ ಆಥರ್ ಐಡಿ ನೋಡಿ ಜೋಡಿಸೋದು ಕೇಳಿದವರ ಕೆಲಸ. ಬರೀ ಐಡಿಗಳ ಪಟ್ಟಿ ಇದ್ದರೂ ಸಾಕು, ಒಂದು ಸಲಕ್ಕೆ 100 ಐಡಿ ಕೊಟ್ಟು ವಿವರ ತರಿಸಬಹುದು.

ಎಕ್ಸೆಲ್ ಗೊತ್ತಿರೋರಿಗೆ ಇದು ವಿಲುಕಪ್, ಅಷ್ಟೇ. ಡಿಗ್ರಿ ಅರ್ಧಕ್ಕೇ ಬಿಟ್ಟ ನನ್ನ ತಲೆಗೆ ವಿಲುಕಪ್ ಹತ್ತಿದ್ದು ಕಂಪ್ಯೂಟರ್ ಕ್ಲಾಸಿನಲ್ಲಲ್ಲ, ಮಂಡಿ ಗುಮಾಸ್ತರೊಬ್ಬರು ಕಿರ್ದಿಯಿಂದ ಖಾತೆಗೆ ಬೆರಳಿಟ್ಟು ಹೋಗೋದನ್ನ ನೋಡಿದ ಮೇಲೆ.

ಇಲ್ಲಿ ಹೆಸರಿಗಿಂತ ನಂಬರ್ ಯಾಕೆ ಮುಖ್ಯ? ಹೆಸರು ಬದಲಾಗುತ್ತೆ. ಎಕ್ಸ್‌ನಲ್ಲಿ ಬೇಕಾದಾಗ ಹೆಸರೂ ಬದಲಿಸಬಹುದು, ಅಟ್ ಗುರುತಿನ ಹ್ಯಾಂಡಲ್ ಕೂಡ ಬದಲಿಸಬಹುದು. ಒಳಗಿರೋ ಐಡಿ ಬದಲಾಗಲ್ಲ. ಹಾಗಾಗಿ ಗೊತ್ತಿರೋರು ಹೆಸರು ನೋಡಿ ಜೋಡಿಸಲ್ಲ. ಊರಲ್ಲಿ ನಾಲ್ಕು ಜನ ಮಂಜುನಾಥ ಇದ್ದರೆ ಯಾರ ಬಾಕಿ ಯಾರ ತಲೆಗೆ ಬೀಳುತ್ತೋ!

ಸಾವಿರ ಪೋಸ್ಟ್ ಅಂದ್ರೆ ಸಾವಿರ ಜನ ಅಲ್ಲ

ಬರೆದವರ ವಿವರ ಸೇರಿದ ಕೂಡಲೇ ಮೊದಲು ಬದಲಾಗೋದು ಲೆಕ್ಕ.

ಒಂದು ರಸ್ತೆ ಅಗಲೀಕರಣದ ಬಗ್ಗೆ 500 ಕಾಮೆಂಟ್ ಬಂದಿದೆ, 400 ವಿರೋಧ, 100 ಪರ ಅಂತ ಇಟ್ಕೊಳ್ಳಿ. ‘ಊರಿಗೆ ಊರೇ ವಿರೋಧ’ ಅಂತ ಹೆಡ್ಡಿಂಗ್ ಹಾಕೋಕೆ ನಮ್ಮಂಥ ಸೈಟಿನವರು ರೆಡಿ. ಬರೆದವರ ಕಾಲಂ ಸೇರಿಸಿ ನೋಡಿದರೆ ವಿರೋಧದ 400ರಲ್ಲಿ 350 ಹಾಕಿದ್ದು 6 ಜನ, ಪರವಾಗಿ ಬರೆದ 100 ಬೇರೆ ಬೇರೆ 90 ಜನರದ್ದು ಅಂತ ಬಂದರೆ? ಕಾಮೆಂಟ್ ಎಣಿಸಿದರೆ ಒಂದು ಸುದ್ದಿ, ತಲೆ ಎಣಿಸಿದರೆ ಇನ್ನೊಂದು ಸುದ್ದಿ.

ಇದು ಬರೀ ಉದಾಹರಣೆ. ಆದರೆ ನಿಜವಾದ ಲೆಕ್ಕವೂ ಇದೇ ದಿಕ್ಕಿಗೆ ಇದೆ. ಅಮೆರಿಕದ ಪ್ಯೂ ರಿಸರ್ಚ್ ಸೆಂಟರ್ 2019ರಲ್ಲಿ ಅಲ್ಲಿನ ವಯಸ್ಕರ ಟ್ವಿಟರ್ ಬಳಕೆ ಬಗ್ಗೆ ವರದಿ ಕೊಡ್ತು. ನೂರು ಟ್ವೀಟ್‌ನಲ್ಲಿ 80 ಬರೋದು ಅತಿ ಹೆಚ್ಚು ಬರೆಯೋ ಶೇ 10ರಷ್ಟು ಜನರಿಂದ. ಉಳಿದ 90 ಭಾಗ ಜನ ಸೇರಿ ಬರೆಯೋದು ಬರೀ 20. ‘ಟ್ರೆಂಡಿಂಗ್’ ಅಂತ ಯಾರಾದರೂ ಹೇಳಿದಾಗ ಈ ಲೆಕ್ಕ ನೆನಪಿಟ್ಟುಕೊಳ್ಳಿ.

ಟೆನ್ನೆಸ್ಸಿಯ ಪಕ್ಷ, ರಷ್ಯಾದ ಕುರ್ಚಿ

ಬರೆದವರ ವಿವರ ಎಷ್ಟು ದೊಡ್ಡ ವಿಷಯ ಅಂತ ಜಗತ್ತಿಗೆ ಗೊತ್ತಾಗಿದ್ದು ಅಮೆರಿಕದ 2016ರ ಚುನಾವಣೆ ಆದಮೇಲೆ.

ಟ್ವಿಟರ್‌ನಲ್ಲಿ ‘ಟೆನ್ ಜಿಒಪಿ’ ಅಂತ ಒಂದು ಅಕೌಂಟ್ ಇತ್ತು. ಟೆನ್ನೆಸ್ಸಿ ಅಮೆರಿಕದ ಒಂದು ರಾಜ್ಯ, ಜಿಒಪಿ ಅನ್ನೋದು ರಿಪಬ್ಲಿಕನ್ ಪಕ್ಷದ ಅಡ್ಡ ಹೆಸರು. ನೋಡಿದವರು ಇದು ಆ ರಾಜ್ಯದ ರಿಪಬ್ಲಿಕನ್ ಪಕ್ಷದವರದ್ದೇ ಅಂದ್ಕೊಂಡರು. ಫಾಲೋವರ್ಸ್ ಒಂದು ಲಕ್ಷ ದಾಟಿತ್ತು. ಟ್ರಂಪ್ ಪ್ರಚಾರ ತಂಡದವರೇ ಅದರ ಪೋಸ್ಟ್ ಹಂಚಿದ್ದರು ಅಂತ 2019ರ ಮುಲ್ಲರ್ ವರದಿಯಲ್ಲಿದೆ. ನಿಜವಾದ ಟೆನ್ನೆಸ್ಸಿ ಪಕ್ಷದವರು “ಇದು ನಮ್ಮದಲ್ಲ” ಅಂತ ಟ್ವಿಟರ್‌ಗೆ ಹಲವು ಸಲ ದೂರು ಕೊಟ್ಟರು. ಅದು ಮುಚ್ಚಿದ್ದು 2017ರ ಆಗಸ್ಟ್‌ನಲ್ಲಿ. ಅದನ್ನ ನಡೆಸ್ತಿದ್ದದ್ದು ರಷ್ಯಾದ ಸೇಂಟ್ ಪೀಟರ್ಸ್‌ಬರ್ಗ್‌ನ ಇಂಟರ್ನೆಟ್ ರಿಸರ್ಚ್ ಏಜೆನ್ಸಿ ಅನ್ನೋ ಸಂಸ್ಥೆ. ಹೆಸರಿನಲ್ಲಿ ರಿಸರ್ಚ್, ಕೆಲಸ ಸುಳ್ಳು ಅಕೌಂಟ್‌ಗಳದ್ದು.

ಪೋಸ್ಟ್ ಮಾತ್ರ ಓದಿದ್ದರೆ ಯಾರಿಗೂ ಗೊತ್ತಾಗ್ತಿರಲಿಲ್ಲ. ಇಂಗ್ಲಿಷು ಅಮೆರಿಕನ್ನರದೇ, ಸಿಟ್ಟೂ ಅಮೆರಿಕನ್ನರದೇ. ಗುಟ್ಟು ಇದ್ದದ್ದು ಅಕೌಂಟಿನಲ್ಲಿ.

2018ರ ಅಕ್ಟೋಬರ್‌ನಲ್ಲಿ ಟ್ವಿಟರ್ ಈ ಪೂರ್ತಿ ಕಡತವನ್ನ ಎಲ್ಲರಿಗೂ ಬಿಚ್ಚಿಟ್ಟಿತು. ರಷ್ಯಾದ ಆ ಸಂಸ್ಥೆಗೆ ಸೇರಿದ್ದು ಅಂತ ಹೇಳಿದ 3,841 ಅಕೌಂಟ್, ಇರಾನ್ ಕಡೆಯಿಂದ ನಡೀತಿದ್ದ 770 ಅಕೌಂಟ್, ಒಟ್ಟು 1 ಕೋಟಿಗೂ ಮೀರಿ ಟ್ವೀಟ್‌ಗಳು. ಆ ಕಡತದಲ್ಲಿ ಪ್ರತಿ ಟ್ವೀಟ್‌ನ ಸಾಲಿನಲ್ಲೇ ಬರೆದವರ ಕಾಲಂಗಳೂ ಇದ್ದವು. ಅಕೌಂಟ್ ಐಡಿ, ತೋರಿಸೋ ಹೆಸರು, ತಾವೇ ಹೇಳಿಕೊಂಡ ಊರು, ಪರಿಚಯದ ಸಾಲು, ಫಾಲೋವರ್ಸ್ ಎಷ್ಟು, ಯಾರನ್ನ ಫಾಲೋ ಮಾಡ್ತಾರೆ ಅನ್ನೋ ಸಂಖ್ಯೆ, ಅಕೌಂಟ್ ತೆರೆದ ದಿನ, ಅಕೌಂಟ್‌ನ ಭಾಷೆ. ಟ್ವೀಟ್‌ನ ಭಾಷೆಗೆ ಬೇರೆ ಕಾಲಂ. ಈ ಎರಡು ಭಾಷೆ ಕಾಲಂ ಪಕ್ಕಪಕ್ಕ ಇಟ್ಟು ನೋಡೋ ಮಜಾನೇ ಬೇರೆ. ಒಬ್ಬ ಬರೆಯೋದು ಇಂಗ್ಲಿಷಲ್ಲಿ, ತನ್ನ ಪರದೆ ಇಟ್ಕೊಂಡಿರೋದು ಬೇರೆ ಭಾಷೆಯಲ್ಲಿ ಅಂದರೆ ಒಂದು ಪ್ರಶ್ನೆ ಏಳುತ್ತೆ ತಾನೆ? ಅಷ್ಟಕ್ಕೇ ತೀರ್ಪು ಕೊಡಬೇಡಿ, ನಮ್ಮಲ್ಲೂ ಫೋನ್ ಇಂಗ್ಲಿಷಲ್ಲಿಟ್ಟು ಕನ್ನಡದಲ್ಲಿ ಬರೆಯೋರೇ ಜಾಸ್ತಿ.

ಇಲ್ಲಿ ಎರಡು ವಿಷಯ ನನಗೆ ಮುಖ್ಯ ಅನ್ನಿಸ್ತು.

ಒಂದು, 5,000ಕ್ಕಿಂತ ಕಮ್ಮಿ ಫಾಲೋವರ್ಸ್ ಇದ್ದ ಅಕೌಂಟ್‌ಗಳ ಹೆಸರು, ಐಡಿಯನ್ನ ಟ್ವಿಟರ್ ನೇರ ತೋರಿಸಲಿಲ್ಲ. ಅದರ ಜಾಗದಲ್ಲಿ ಅರ್ಥವಿಲ್ಲದ ಅಕ್ಷರಗಳ ಒಂದು ಸಂಕೇತ ಇಟ್ಟಿತು. ಒಂದೇ ಅಕೌಂಟ್‌ಗೆ ಎಲ್ಲ ಕಡೆ ಅದೇ ಸಂಕೇತ. ಅಂದರೆ ‘ಈ ನೂರು ಟ್ವೀಟ್ ಒಬ್ಬರದ್ದೇ’ ಅಂತ ಗೊತ್ತಾಗುತ್ತೆ, ಆ ಒಬ್ಬರು ಯಾರು ಅಂತ ಗೊತ್ತಾಗಲ್ಲ. ಖಾತೆ ಪುಟದ ನಂಬರ್ ಇಟ್ಟು ಹೆಸರಿನ ಮೇಲೆ ಕಾಗದ ಅಂಟಿಸಿದ ಹಾಗೆ.

ಎರಡು, ಹಾಗೆ ಮಾಡಿದ್ದು ಒಳ್ಳೇದೇ ಆಯ್ತು. ಯಾಕಂದರೆ 2019ರಲ್ಲಿ ಟ್ವಿಟರ್ ಆ ಪಟ್ಟಿಯಿಂದ 228 ಅಕೌಂಟ್‌ಗಳನ್ನ ವಾಪಸ್ ತೆಗೀತು. ರಷ್ಯಾದವು ಅಂದ್ಕೊಂಡಿದ್ದವು ವೆನಿಜುವೆಲಾ ಕಡೆಯವು ಅಂತ ಆಮೇಲೆ ಗೊತ್ತಾಯ್ತಂತೆ. ಸ್ವಂತ ಅಕೌಂಟ್‌ಗಳ ಒಳಗಿನ ದಾಖಲೆ ಕೈಯಲ್ಲಿಟ್ಕೊಂಡಿರೋ ಕಂಪನಿಯೇ ‘ಬರೆದವರು ಯಾರು’ ಅನ್ನೋದ್ರಲ್ಲಿ 228 ಕಡೆ ಎಡವಿದೆ. ಸ್ಕ್ರೀನ್‌ಶಾಟ್ ನೋಡಿ “ಇದು ಇಂಥವನದ್ದೇ ಕೆಲಸ” ಅಂತ ಗ್ರೂಪಿನಲ್ಲಿ ಹೇಳೋರು ಎಷ್ಟು ಸಲ ಎಡವಿರಬಹುದು, ನೀವೇ ಹೇಳಿ.

ಇವತ್ತಿನ ಖಾತೆ, ಅವತ್ತಿನ ಕಿರ್ದಿ

ವಿವರ ಸೇರಿಸೋದ್ರಲ್ಲಿ ದೊಡ್ಡ ಮೋಸ ಆಗೋದು ಕಾಲದ್ದು. ಇದನ್ನ ಜನ ಗಮನಿಸೋದೇ ಇಲ್ಲ.

2021ರಲ್ಲಿ ಹಾಕಿದ ಪೋಸ್ಟ್ ತಗೊಂಡು, ಬರೆದವರ ವಿವರ ಇವತ್ತು ತರಿಸಿದರೆ ಬರೋದು ಇವತ್ತಿನ ವಿವರ. ಅವತ್ತು ಅವರಿಗೆ 300 ಫಾಲೋವರ್ಸ್ ಇದ್ದಿರಬಹುದು, ಇವತ್ತು 50,000. ಕಡತದಲ್ಲಿ ‘50,000 ಜನರ ಬೆಂಬಲ ಇದ್ದವರು ಹೀಗಂದರು’ ಅಂತ ಬರುತ್ತೆ. ಅವತ್ತು ಅದನ್ನ ಓದಿದ್ದೇ ಮೂರು ಮತ್ತೊಂದು ಜನ. ಇವತ್ತಿನ ಬಾಕಿ ನೋಡಿ ಐದು ವರ್ಷದ ಹಿಂದೆ ಉದ್ರಿ ಕೊಟ್ಟಿದ್ದು ಸರಿಯೋ ತಪ್ಪೋ ಅಂತ ಹೇಳಿದ ಹಾಗೆ ಇದು.

ಪೇಜ್‌ಗಳ ವಿಷಯದಲ್ಲಂತೂ ಇದು ಇನ್ನೂ ಜೋರು. ಕಾಮಿಡಿ ವಿಡಿಯೋ ಹಾಕ್ಕೊಂಡು ಲೈಕ್ಸ್ ಸೇರಿಸಿದ ಪೇಜು ಎಲೆಕ್ಷನ್ ಹೊತ್ತಿಗೆ ಹೆಸರು ಬದಲಿಸಿಕೊಂಡರೆ ಹಳೇ ಪೋಸ್ಟ್‌ಗಳ ಮೇಲೂ ಹೊಸ ಹೆಸರೇ ಕಾಣುತ್ತೆ. ನಾಯಿಮರಿ ವಿಡಿಯೋಗೆ ಲೈಕ್ ಒತ್ತಿದವರು ಈಗ ಯಾರದೋ ಅಭಿಮಾನಿ ಬಳಗದ ಸದಸ್ಯರು. ಫೇಸ್‌ಬುಕ್‌ನಲ್ಲಿ ಇದನ್ನ ಪತ್ತೆ ಮಾಡೋ ದಾರಿ ಇದೆ. ಪೇಜಿನ ಅಬೌಟ್ ಭಾಗದಲ್ಲಿ ‘ಪೇಜ್ ಟ್ರಾನ್ಸ್‌ಪರೆನ್ಸಿ’ ಒತ್ತಿದರೆ ಪೇಜು ಯಾವಾಗ ಶುರುವಾಯ್ತು, ಹಿಂದೆ ಏನೇನು ಹೆಸರಿತ್ತು ಅಂತ ತೋರಿಸುತ್ತೆ. ಹಲವು ಪೇಜ್‌ಗಳಿಗೆ ನಡೆಸೋರು ಯಾವ ದೇಶದಲ್ಲಿದ್ದಾರೆ ಅಂತಲೂ ಇರುತ್ತೆ. ನಿಮ್ಮ ತಾಲೂಕಿನ ಹೆಸರಿಟ್ಕೊಂಡ ನಾಲ್ಕು ಪೇಜ್ ತೆಗೆದು ಒಮ್ಮೆ ನೋಡಿ, ಟೈಂಪಾಸೂ ಆಗುತ್ತೆ.

ಇನ್ನು ಊರಿನ ಕಾಲಂ. ಅದು ಬರೆದವರು ತಾವೇ ತುಂಬಿದ್ದು, ಯಾರೂ ಚೆಕ್ ಮಾಡಿರಲ್ಲ. 2011ರಲ್ಲಿ ಅಮೆರಿಕದಲ್ಲಿ ನಾಲ್ವರು ಸಂಶೋಧಕರು ಟ್ವಿಟರ್‌ನ ಈ ಕಾಲಂ ಒಂದನ್ನೇ ಹಿಡಿದು ಅಧ್ಯಯನ ಮಾಡಿದರು. ನೂರರಲ್ಲಿ 34 ಜನ ನಿಜವಾದ ಊರು ಬರೆದೇ ಇರಲಿಲ್ಲ. ಖಾಲಿ ಬಿಟ್ಟವರು ಒಂದಿಷ್ಟು, ಹಾಡುಗಾರ ಜಸ್ಟಿನ್ ಬೀಬರ್‌ನ ಹೃದಯದಲ್ಲಿದ್ದೀನಿ ಅಂತ ಬರೆದವರು ಒಂದಿಷ್ಟು. ಆ ಪ್ರಬಂಧದ ತಲೆಬರಹದಲ್ಲೇ ಬೀಬರ್‌ನ ಹೃದಯ ಇದೆ. ನಮ್ಮಲ್ಲೂ ‘ಅಮ್ಮನ ಮಡಿಲು’, ‘ನಿಮ್ಮೆಲ್ಲರ ಹೃದಯದಲ್ಲಿ’ ಅಂತ ಊರು ಹಾಕ್ಕೊಂಡೋರು ಕಮ್ಮಿ ಇದ್ದಾರಾ? ಆ ಕಾಲಂ ನಂಬಿ ‘ಹಳ್ಳಿಯವರು ಹೀಗಂತಾರೆ, ಪೇಟೆಯವರು ಹಾಗಂತಾರೆ’ ಅಂತ ಚಾರ್ಟ್ ಬರೆದರೆ ದೇವರೇ ಗತಿ.

ಇದಕ್ಕಿಂತ ಅಪಾಯದ್ದು ಊಹೆಯ ಕಾಲಂ. ಬರೆದವರು ಹೇಳದೇ ಇದ್ದದ್ದನ್ನ ಕಂಪ್ಯೂಟರ್ ಊಹಿಸಿ ತುಂಬೋದು. ಹೆಸರು ನೋಡಿ ಗಂಡು, ಹೆಣ್ಣು ಅಂತ ಹಾಕ್ತಾರೆ. ಕಿರಣ, ಶಶಿ, ಜ್ಯೋತಿ ಅಂತ ಗಂಡಸರೂ ಇದ್ದಾರೆ ಹೆಂಗಸರೂ ಇದ್ದಾರೆ ಅಂತ ಎಲ್ಲೋ ಕೂತ ಪ್ರೋಗ್ರಾಮ್‌ಗೆ ಹೇಗೆ ಗೊತ್ತಾಗಬೇಕು? ಅಡ್ಡಹೆಸರು ನೋಡಿ ಜಾತಿ, ಹೆಸರು ನೋಡಿ ಧರ್ಮ ಊಹಿಸಿದರಂತೂ ಅದು ತಮಾಷೆಯಾಗಿ ಉಳಿಯಲ್ಲ. ಊಹೆ ಅಂತ ಬರೆದದ್ದು ಎರಡನೇ ಕೈಗೆ ಹೋದಾಗ ಮಾಹಿತಿ ಆಗಿರುತ್ತೆ, ಮೂರನೇ ಕೈಗೆ ಹೋದಾಗ ಸತ್ಯ ಆಗಿರುತ್ತೆ.

ಊಹೆ ಯಾವಾಗಲೂ ತಪ್ಪಾಗುತ್ತೆ ಅಂತಲೂ ಅಲ್ಲ. ಕೇಂಬ್ರಿಜ್ ಯೂನಿವರ್ಸಿಟಿಯ ಕಡೆಯವರು 2013ರಲ್ಲಿ ಒಪ್ಪಿಗೆ ಕೊಟ್ಟ 58,000 ಜನರ ಫೇಸ್‌ಬುಕ್ ಲೈಕ್ ಮಾತ್ರ ನೋಡಿ ಲೆಕ್ಕ ಹಾಕಿದರು. ಒಬ್ಬ ಡೆಮಾಕ್ರಟ್, ಒಬ್ಬ ರಿಪಬ್ಲಿಕನ್ ಇಬ್ಬರನ್ನ ಮುಂದಿಟ್ಟರೆ ಯಾರು ಯಾವ ಕಡೆ ಅಂತ ನೂರರಲ್ಲಿ 85 ಸಲ ಸರಿಯಾಗಿ ಹೇಳೋಕಾಯ್ತು. ಒಂದು ಪೋಸ್ಟ್ ಕೂಡ ಓದಲಿಲ್ಲ. ಬರೀ ಲೈಕ್.

335 ಜನ ಆಪ್ ಹಾಕಿದರು, ಸಿಕ್ಕಿಬಿದ್ದವರು 5.62 ಲಕ್ಷ

ಕೇಂಬ್ರಿಜ್ ಅನಲಿಟಿಕಾ ಹೆಸರು ಕೇಳಿರ್ತೀರಿ. 2018ರಲ್ಲಿ ಟಿವಿಯಲ್ಲಿ ದಿನಾ ಅದೇ ಸುದ್ದಿ. ಅದರಲ್ಲಿ ನಮ್ಮ ದೇಶದ ಲೆಕ್ಕ ಎಷ್ಟು ಜನಕ್ಕೆ ನೆನಪಿದೆಯೋ.

ವ್ಯಕ್ತಿತ್ವ ಪರೀಕ್ಷೆ ಮಾಡೋ ಒಂದು ಫೇಸ್‌ಬುಕ್ ಆಪ್ ಇತ್ತು. ಅದನ್ನ ಹಾಕ್ಕೊಂಡವರ ಮಾಹಿತಿ ಜೊತೆಗೆ ಅವರ ಫ್ರೆಂಡ್ಸ್ ಮಾಹಿತಿಯನ್ನೂ ಅದು ಎಳೀತಿತ್ತು. ಆಗ ಫೇಸ್‌ಬುಕ್ ಅದಕ್ಕೆ ಅವಕಾಶ ಕೊಟ್ಟಿತ್ತು. ಜಗತ್ತಿನಾದ್ಯಂತ 8.7 ಕೋಟಿ ಜನರ ಮಾಹಿತಿ ಹೋಗಿರಬಹುದು ಅಂತ ಫೇಸ್‌ಬುಕ್ ಹೇಳ್ತು. ಭಾರತದಲ್ಲಿ ಆ ಆಪ್ ಹಾಕ್ಕೊಂಡಿದ್ದು ಬರೀ 335 ಜನ. ಅವರ ಸ್ನೇಹದ ಪಟ್ಟಿಯಿಂದ ಸಿಕ್ಕವರು 5,62,120. ತಲೆಗೆ 1,600ಕ್ಕೂ ಹೆಚ್ಚು! ಆ ಐದೂವರೆ ಲಕ್ಷ ಜನ ಯಾವ ಆಪೂ ಹಾಕಿರಲಿಲ್ಲ, ಯಾವ ಪ್ರಶ್ನೆಗೂ ಉತ್ತರ ಕೊಟ್ಟಿರಲಿಲ್ಲ. ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್ 2019ರ ಜುಲೈನಲ್ಲಿ ಫೇಸ್‌ಬುಕ್‌ಗೆ 500 ಕೋಟಿ ಡಾಲರ್ ದಂಡ ಹಾಕ್ತು. ನಮ್ಮಲ್ಲಿ ಸಿಬಿಐ 2021ರ ಜನವರಿಯಲ್ಲಿ ಕೇಸ್ ದಾಖಲಿಸಿತು.

ಅದೇ 2021ರ ಏಪ್ರಿಲ್‌ನಲ್ಲಿ ಇನ್ನೊಂದು. 106 ದೇಶಗಳ 53.3 ಕೋಟಿ ಫೇಸ್‌ಬುಕ್ ಬಳಕೆದಾರರ ಫೋನ್ ನಂಬರ್ ಸಮೇತ ವಿವರ ಇಂಟರ್ನೆಟ್‌ನಲ್ಲಿ ಪುಕ್ಕಟೆ ಸಿಕ್ಕಿತು. ಅದರಲ್ಲಿ ಭಾರತದವರು 60 ಲಕ್ಷದಷ್ಟು. ಹೇಗೆ ಆಯ್ತು ಗೊತ್ತಾ? ‘ನಿಮ್ಮ ಕಾಂಟ್ಯಾಕ್ಟ್‌ನಲ್ಲಿರೋ ಸ್ನೇಹಿತರನ್ನ ಹುಡುಕಿ’ ಅನ್ನೋ ಸೌಲಭ್ಯ ಇತ್ತಲ್ಲ, ಅದಕ್ಕೆ ರಾಶಿ ರಾಶಿ ನಂಬರ್ ಕೊಟ್ಟು, ಯಾವ ನಂಬರ್‌ಗೆ ಯಾವ ಪ್ರೊಫೈಲ್ ಅಂತ ಹೊಂದಿಸಿಕೊಂಡಿದ್ದರು. ಬೀಗ ಒಡೆದದ್ದಲ್ಲ, ಬಾಗಿಲಲ್ಲಿ ನಿಂತು ಒಬ್ಬೊಬ್ಬರನ್ನೇ ಹೆಸರು ಕೇಳ್ಕೊಂಡು ಹೋಗಿದ್ದು. ಕಾರಣ ಕೇಳದೇ ನಿಮ್ಮ ಹೆಸರು ಹಿಡಿದು ಮಾತಾಡೋ ಲೋನ್‌ನವರು, ಲಾಟರಿಯವರು ಫೋನ್ ಮಾಡ್ತಾರಲ್ಲ, ಇಂಥ ಪಟ್ಟಿಗಳು ಅವರಂಥವರಿಗೆ ಹಬ್ಬ.

ನಿಮ್ಮ ಅಂಗಡಿಗೆ “ಸರ್, ತಾಲೂಕಿನ ಕಸ್ಟಮರ್ ಡೇಟಾ ಇದೆ, ನಂಬರ್ ಸಮೇತ, ಕಮ್ಮಿ ರೇಟಿಗೆ ಕೊಡ್ತೀವಿ” ಅಂತ ಯಾರಾದರೂ ಬಂದರೆ ಒಂದೇ ಪ್ರಶ್ನೆ ಕೇಳಿ. ಈ ಪಟ್ಟೀಲಿ ಇರೋರು ಯಾರಿಗೆ, ಯಾವಾಗ ಒಪ್ಪಿಗೆ ಕೊಟ್ಟಿದ್ದು? ಉತ್ತರ ತಡವರಿಸಿದರೆ ಟೀ ಕುಡಿಸಿ ಕಳಿಸಿಬಿಡಿ.

ಬರೆದವರೇ ಇಲ್ಲದ ಪೋಸ್ಟ್

ಇಷ್ಟೊತ್ತು ಬರೆದವರ ವಿವರ ಜಾಸ್ತಿ ಆದರೆ ಏನಾಗುತ್ತೆ ಅಂತ ನೋಡಿದ್ವಿ. ಪೂರ್ತಿ ಇಲ್ಲದಿದ್ದರೆ ಏನಾಗುತ್ತೆ ಅನ್ನೋದನ್ನ ನಮ್ಮ ರಾಜ್ಯ ಎರಡು ಸಲ ನೋಡಿದೆ.

2012ರ ಆಗಸ್ಟ್‌ನಲ್ಲಿ ಈಶಾನ್ಯ ರಾಜ್ಯದವರ ಮೇಲೆ ದಾಳಿ ಆಗುತ್ತೆ ಅನ್ನೋ ಎಸ್‌ಎಂಎಸ್‌ಗಳು ಹರಿದಾಡಿ, ಬೆಂಗಳೂರಿನಿಂದ ಸಾವಿರಾರು ಜನ ಗಂಟುಮೂಟೆ ಕಟ್ಕೊಂಡು ಸ್ಪೆಷಲ್ ರೈಲು ಹತ್ತಿದರು. ಕಳಿಸಿದವರು ಯಾರು ಅಂತ ಓದಿದವರಿಗೆ ಗೊತ್ತಿರಲಿಲ್ಲ, ಫಾರ್ವರ್ಡ್ ಮಾಡಿದ ಗೆಳೆಯ ಮಾತ್ರ ಗೊತ್ತು. ಒಂದು ಸಲಕ್ಕೆ ಐದಕ್ಕಿಂತ ಹೆಚ್ಚು ಜನಕ್ಕೆ ಎಸ್‌ಎಂಎಸ್ ಕಳಿಸೋ ಹಾಗಿಲ್ಲ ಅಂತ ಕೇಂದ್ರ ಸರ್ಕಾರ 15 ದಿನ ನಿರ್ಬಂಧ ಹಾಕಬೇಕಾಯ್ತು.

2018ರ ಜುಲೈನಲ್ಲಿ ಬೀದರ್ ಜಿಲ್ಲೆ ಔರಾದ್ ತಾಲೂಕಿನ ಮುರ್ಕಿಯಲ್ಲಿ ಆಗಿದ್ದು ಇನ್ನೂ ಘೋರ. ‘ಮಕ್ಕಳ ಕಳ್ಳರು ಬಂದಿದ್ದಾರೆ’ ಅಂತ ವಾಟ್ಸಾಪ್‌ನಲ್ಲಿ ಸುದ್ದಿ ಹಬ್ಬಿ, ಹೈದರಾಬಾದ್‌ನಿಂದ ಬಂದಿದ್ದ ಯುವಕರ ಮೇಲೆ ಜನ ಮುಗಿಬಿದ್ದರು. ಒಬ್ಬ ಸತ್ತ. ಅವರು ಮಾಡಿದ್ದು ದಾರಿಯಲ್ಲಿ ಸಿಕ್ಕ ಮಕ್ಕಳಿಗೆ ಚಾಕೊಲೇಟ್ ಕೊಟ್ಟಿದ್ದು, ಅಷ್ಟೇ.

ವಾಟ್ಸಾಪ್ ಫಾರ್ವರ್ಡ್‌ನಲ್ಲಿ ಮೂಲ ಬರೆದವರ ಹೆಸರು ಉದುರಿಹೋಗುತ್ತೆ. ನಿಮಗೆ ಕಾಣೋದು ನಿಮಗೆ ಕಳಿಸಿದವರ ಹೆಸರು. ಅವರು ಚಿಕ್ಕಪ್ಪನೋ, ಮೇಷ್ಟ್ರೋ ಆಗಿದ್ದರೆ ಅವರ ಮೇಲಿನ ನಂಬಿಕೆ ಆ ಸಂದೇಶಕ್ಕೆ ಅಂಟಿಕೊಳ್ಳುತ್ತೆ. ಬೇರೆ ಯಾರದೋ ಉದ್ರಿ ಚಿಕ್ಕಪ್ಪನ ಖಾತೆಗೆ ಹತ್ತಿದ ಹಾಗೆ.

2018ರ ಜುಲೈನಲ್ಲೇ ವಾಟ್ಸಾಪ್ ‘ಫಾರ್ವರ್ಡೆಡ್’ ಅನ್ನೋ ಚೀಟಿ ಅಂಟಿಸೋಕೆ ಶುರು ಮಾಡ್ತು, ಭಾರತದಲ್ಲಿ ಒಂದು ಸಲಕ್ಕೆ ಐದು ಚಾಟ್‌ಗೆ ಅಂತ ಮಿತಿ ತಂತು. 2020ರ ಏಪ್ರಿಲ್‌ನಿಂದ ಬಹಳ ಸಲ ಫಾರ್ವರ್ಡ್ ಆದದ್ದನ್ನ ಒಂದು ಸಲಕ್ಕೆ ಒಂದೇ ಚಾಟ್‌ಗೆ ಕಳಿಸಬಹುದು. ಜೋಡಿ ಬಾಣದ ಗುರುತು ಕಂಡರೆ ಅದೇ ಅರ್ಥ: ಇದು ನಿಮ್ಮ ಚಿಕ್ಕಪ್ಪ ಬರೆದದ್ದಲ್ಲ. ಯಾರು ಅಂತ ಹೇಳಲ್ಲ, ‘ಇವರಲ್ಲ’ ಅಂತ ಹೇಳುತ್ತೆ. ಅಷ್ಟಾದರೂ ಉಪಯೋಗವೇ.

ಮೊದಲು ಬರೆದವರು ಯಾರು ಅಂತ ಹೇಳಲೇಬೇಕು ಅಂತ ಕೇಂದ್ರ ಸರ್ಕಾರ 2021ರ ಐಟಿ ನಿಯಮಗಳಲ್ಲಿ ದೊಡ್ಡ ಮೆಸೇಜಿಂಗ್ ಕಂಪನಿಗಳಿಗೆ ಹೇಳ್ತು. ಕೋರ್ಟ್ ಅಥವಾ ಅಧಿಕಾರ ಇರೋರ ಆದೇಶ ಇದ್ದಾಗ ಮಾತ್ರ. ವಾಟ್ಸಾಪ್ ಅದೇ ವರ್ಷ ದೆಹಲಿ ಹೈಕೋರ್ಟಿಗೆ ಹೋಯ್ತು. ಒಬ್ಬರನ್ನ ಪತ್ತೆ ಮಾಡಬೇಕು ಅಂದರೆ ಎಲ್ಲರ ಸಂದೇಶಕ್ಕೂ ಗುರುತು ಹಾಕಿಡಬೇಕು, ಗುಟ್ಟು ಉಳಿಯಲ್ಲ ಅನ್ನೋದು ಅವರ ವಾದ. 2024ರ ಏಪ್ರಿಲ್‌ನಲ್ಲಿ ಅವರ ವಕೀಲರು ಗೂಢಲಿಪಿ ಮುರೀರಿ ಅಂದರೆ ಭಾರತ ಬಿಟ್ಟು ಹೋಗ್ತೀವಿ ಅಂತ ಕೋರ್ಟಿನಲ್ಲೇ ಅಂದರು. ಮುರ್ಕಿ ನೆನಪಾದರೆ ಸರ್ಕಾರ ಸರಿ ಅನ್ನಿಸುತ್ತೆ. ಸ್ಥಳೀಯ ಹಗರಣದ ಸುಳಿವು ಕೊಡೋ ಜನ ನನಗೆ ಮೆಸೇಜ್ ಮಾಡೋದು ನೆನಪಾದರೆ ವಾಟ್ಸಾಪ್ ಸರಿ ಅನ್ನಿಸುತ್ತೆ. ನಾನಂತೂ ಎರಡನೇ ಕಡೆಗೆ ಸ್ವಲ್ಪ ವಾಲ್ತೀನಿ.

ಈಗ ಕಂಪನಿಗಳೇ ಚೀಟಿ ಅಂಟಿಸ್ತಿವೆ

ಬೇರೆ ದೇಶದಲ್ಲಿ ಹೇಗಿದೆ ಅಂದರೆ, ಚೀನಾದ ವೈಬೋ 2022ರ ಏಪ್ರಿಲ್‌ನಿಂದ ಬರೆದವರು ಯಾವ ಪ್ರಾಂತ್ಯದಲ್ಲಿದ್ದಾರೆ, ಹೊರಗಿದ್ದರೆ ಯಾವ ದೇಶ ಅಂತ ಐಪಿ ವಿಳಾಸ ನೋಡಿ ತೋರಿಸೋಕೆ ಶುರು ಮಾಡ್ತು. ಬೇಡ ಅನ್ನೋಕೆ ಅವಕಾಶವೇ ಇಲ್ಲ. ಎಕ್ಸ್ ಕೂಡ 2025ರ ನವೆಂಬರ್‌ನಲ್ಲಿ ‘ಅಬೌಟ್ ದಿಸ್ ಅಕೌಂಟ್’ ಅಂತ ತಂತು. ಸೇರಿದ ದಿನದ ಮೇಲೆ ಒತ್ತಿದರೆ ಅಕೌಂಟ್ ಯಾವ ದೇಶದ್ದು, ಹೆಸರು ಎಷ್ಟು ಸಲ ಬದಲಾಗಿದೆ ಅಂತ ಬರುತ್ತೆ. ಬಂದ ಎರಡೇ ದಿನಕ್ಕೆ ಅಮೆರಿಕದ ದೇಶಭಕ್ತಿ ಬಗ್ಗೆ ಬರೀತಿದ್ದ ಎಷ್ಟೋ ಅಕೌಂಟ್‌ಗಳು ಬೇರೆ ದೇಶದವು ಅಂತ ಜನ ಎತ್ತಿ ತೋರಿಸಿದರು. ಆದರೆ ವಿಪಿಎನ್ ಹಾಕಿದವರು, ಊರೂರು ಸುತ್ತೋರ ವಿಷಯದಲ್ಲಿ ಅದೂ ತಪ್ಪುತ್ತೆ.

ಇನ್ನೊಂದು ಕಡೆ, ಹೊರಗಿನವರು ಲೆಕ್ಕ ಪರೀಕ್ಷೆ ಮಾಡೋ ದಾರಿ ಮುಚ್ಚಿಹೋಗ್ತಿದೆ. ಸಂಶೋಧಕರಿಗೆ ತಿಂಗಳಿಗೆ 1 ಕೋಟಿ ಟ್ವೀಟ್‌ವರೆಗೆ ಪುಕ್ಕಟೆ ಕೊಡ್ತಿದ್ದ ಟ್ವಿಟರ್, 2023ರಲ್ಲಿ ಅದನ್ನ ನಿಲ್ಲಿಸಿ ದುಡ್ಡಿಗಿಟ್ಟಿತು. ಫೇಸ್‌ಬುಕ್ ಪೇಜ್‌ಗಳನ್ನ ಪತ್ರಕರ್ತರು ನೋಡ್ತಿದ್ದ ಕ್ರೌಡ್‌ಟ್ಯಾಂಗಲ್ ಸಾಧನವನ್ನ ಮೆಟಾ 2024ರ ಆಗಸ್ಟ್ 14ಕ್ಕೆ ಮುಚ್ಚಿತು. ಖಾತೆ ಪುಸ್ತಕ ಈಗ ಸಾಹುಕಾರರ ಕಪಾಟಿನಲ್ಲಿ.

ಅಂಗಡಿಯವರು ನೋಡಬೇಕಾದ್ದು

ಮತ್ತೆ ನಿಮ್ಮ ‘ಹಳೇ ಸ್ಟಾಕ್’ ಕಾಮೆಂಟ್‌ಗೆ ಬರೋಣ. ಗೂಗಲ್ ರಿವ್ಯೂ ಆದರೆ ಹೆಸರಿನ ಕೆಳಗೆ ಅವರು ಎಷ್ಟು ರಿವ್ಯೂ ಬರೆದಿದ್ದಾರೆ, ಲೋಕಲ್ ಗೈಡ್ ಹೌದೋ ಅಲ್ಲವೋ ಅಂತ ಇರುತ್ತೆ. ಹೆಸರು ಒತ್ತಿದರೆ, ಅವರು ಮುಚ್ಚಿಟ್ಟಿಲ್ಲ ಅಂದರೆ, ಬೇರೆ ಎಲ್ಲೆಲ್ಲಿ ಬರೆದಿದ್ದಾರೆ ಅಂತ ಕಾಣುತ್ತೆ. ಒಂದೇ ಒಂದು ರಿವ್ಯೂ, ಅದೂ ನಿಮಗೇ, ಒಂದೇ ಸ್ಟಾರ್ ಅಂದರೆ ಅನುಮಾನ ಪಡಬಹುದು. ಆದರೂ ನಿಜವಾಗಿ ಬೇಜಾರಾದ ಗಿರಾಕಿಯೂ ಜೀವನದಲ್ಲಿ ಮೊದಲ ಸಲ ಬರೆಯೋದು ಬೇಜಾರಾದಾಗಲೇ. ಹಾಗಾಗಿ ಜಗಳಕ್ಕೆ ಹೋಗದೇ “ಯಾವ ದಿನ, ಯಾವ ಸಾಮಾನು ಅಂತ ತಿಳಿಸಿ, ಬಿಲ್ ತನ್ನಿ” ಅಂತ ಅಲ್ಲೇ ಉತ್ತರ ಬರೆಯೋದು ಒಳ್ಳೇದು. ನಿಜವಾದ ಗಿರಾಕಿ ಉತ್ತರ ಕೊಡ್ತಾರೆ. ಓದೋರಿಗೂ ನಿಮ್ಮ ಬಗ್ಗೆ ಒಂದು ಅಂದಾಜು ಸಿಗುತ್ತೆ.

ರಿವ್ಯೂಗಳಿಗೆ ನಮ್ಮ ದೇಶದಲ್ಲೊಂದು ಮಾನದಂಡವೂ ಇದೆ. ಐಎಸ್‌ಐ ಮಾರ್ಕ್ ಕೊಡೋ ಬಿಐಎಸ್‌ನವರೇ ಮಾಡಿದ್ದು, ಹೆಸರು ಐಎಸ್ 19000:2022, ಬಂದದ್ದು 2022ರ ನವೆಂಬರ್‌ನಲ್ಲಿ. ರಿವ್ಯೂ ಬರೆದವರು ನಿಜವಾದ ಜನ ಹೌದಾ ಅಂತ ಇಮೇಲ್, ಫೋನ್ ಕಾಲ್ ಇಲ್ಲವೇ ಎಸ್‌ಎಂಎಸ್‌ನಂಥ ದಾರಿಯಲ್ಲಿ ಖಚಿತ ಮಾಡ್ಕೋಬೇಕು ಅಂತ ಅದರಲ್ಲಿದೆ. ಆದರೆ ಅದನ್ನ ತಂದಿದ್ದು ಸ್ವಯಂಪ್ರೇರಿತ ಅಂತ, ಕಡ್ಡಾಯ ಅಂತ ಅಲ್ಲ.

ಸುಳ್ಳು ಅಕೌಂಟ್ ಅಂತ ಗಟ್ಟಿಯಾಗಿ ಅನ್ನಿಸಿದರೆ ಸ್ಕ್ರೀನ್‌ಶಾಟ್ ಜೊತೆ ಪೋಸ್ಟ್‌ನ ಲಿಂಕ್, ಪ್ರೊಫೈಲ್‌ನ ಲಿಂಕ್ ಎರಡನ್ನೂ ತೆಗೆದಿಡಿ. ಬರೀ ಹೆಸರಿದ್ದರೆ ನಾಳೆ ಬದಲಾಗಿರುತ್ತೆ. ಅಕೌಂಟ್ ಹಿಂದಿನ ಫೋನ್ ನಂಬರ್, ಐಪಿ ವಿಳಾಸ ಕಂಪನಿ ಹತ್ರ ಇರುತ್ತೆ. ಅದನ್ನ ಕೇಳಿ ಪಡೆಯೋ ದಾರಿ ಪೊಲೀಸರಿಗೆ, ಕೋರ್ಟಿಗೆ ಇದೆ. ನಿಮಗೂ ನನಗೂ ಇಲ್ಲ. “ನಾನು ಪತ್ತೆ ಮಾಡ್ಕೊಡ್ತೀನಿ, ಐದು ಸಾವಿರ ಕೊಡಿ” ಅನ್ನೋ ಹುಡುಗರನ್ನ ನಂಬಬೇಡಿ.

ಕಾನೂನು ಏನನ್ನುತ್ತೆ?

ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ 2023ರಲ್ಲಿ ಪಾಸಾಯ್ತು. ಒಪ್ಪಿಗೆ ಇಲ್ಲದೇ ಮಾಹಿತಿ ಬಳಸಬಾರದು ಅನ್ನೋದು ಅದರ ಮೂಲ. ಆದರೆ ಮೂರನೇ ಸೆಕ್ಷನ್‌ನಲ್ಲೇ ಒಂದು ಬಾಗಿಲು ತೆರೆದಿದೆ. ನೀವೇ ಸಾರ್ವಜನಿಕವಾಗಿ ಹಾಕಿದ ಮಾಹಿತಿಗೆ ಈ ಕಾಯ್ದೆ ಅನ್ವಯ ಆಗಲ್ಲ. ಸೋಶಿಯಲ್ ಮೀಡಿಯಾದಲ್ಲಿ ತಾನೇ ಬರೆದುಕೊಂಡವರ ಉದಾಹರಣೆಯನ್ನೇ ಕಾಯ್ದೆ ಕೊಟ್ಟಿದೆ. ಅಂದರೆ “ರೇಟ್ ಎಷ್ಟು? ಈ ನಂಬರ್‌ಗೆ ಕಾಲ್ ಮಾಡಿ” ಅಂತ ಎಲ್ಲರಿಗೂ ಕಾಣೋ ಪೋಸ್ಟ್‌ನ ಕೆಳಗೆ ನೀವು ನಂಬರ್ ಹಾಕಿದರೆ, ಅದನ್ನ ಎತ್ತಿಕೊಂಡು ಪಟ್ಟಿ ಮಾಡಿದವರ ಮೇಲೆ ಈ ಕಾಯ್ದೆ ಹಿಡಿದು ಹೋಗೋದು ಕಷ್ಟ. ನಿಮ್ಮ ನಂಬರನ್ನ ಬೇರೆಯವರು ಹಾಕಿದ್ದರೆ ಅದು ಬೇರೆ ಮಾತು, ಅದು ನೀವಾಗಿ ಸಾರ್ವಜನಿಕ ಮಾಡಿದ್ದಲ್ಲ.

ಅಂಗಡಿಯವರೂ ಇದರ ಒಳಗೇ ಬರ್ತೀರಿ. ಬಿಲ್ಲಿಗೆ ಅಂತ ಗಿರಾಕಿಯ ನಂಬರ್ ಕಂಪ್ಯೂಟರ್‌ಗೆ ಹಾಕ್ಕೊಂಡು, ಅದನ್ನ ಆಫರ್ ಮೆಸೇಜ್ ಕಳಿಸೋ ಏಜೆನ್ಸಿಗೆ ಕೊಟ್ಟರೆ ಒಪ್ಪಿಗೆ ಎಲ್ಲಿ ಅನ್ನೋ ಪ್ರಶ್ನೆ ನಿಮಗೂ ಬರುತ್ತೆ. ಕಾಯ್ದೆಯ ನಿಯಮಗಳು ಹೊರಬಿದ್ದದ್ದು 2025ರ ನವೆಂಬರ್‌ನಲ್ಲಿ, ಮುಖ್ಯ ಹೊಣೆಗಾರಿಕೆಗಳಿಗೆ ಕೊಟ್ಟ ಕಾಲಾವಕಾಶ 18 ತಿಂಗಳು. ಲೆಕ್ಕ ಹಾಕಿದರೆ 2027ರ ಮೇ.